ನೂಲು ಕಟ್ಟದ ಮರ

ಚೆನ್ನಕ್ಕನ ಶಾಲೆಗೆ ಸ್ಲೇಟೂ ಇಲ್ಲ, ಬಳಪವೂ ಇಲ್ಲ. ಪೆರಾಬೆ ಊರಿನ ಅವಳ ಮನೆಯ ಜಗಲಿಯೇ ಶಾಲೆ, ಮೊಮ್ಮಕ್ಕಳಿಬ್ಬರೇ ಮಕ್ಕಳು. ಆರು ವರ್ಷದ ಲೋಲಾಕ್ಷಿಯನ್ನೋ ನಾಲ್ಕು ವರ್ಷದ ದೂಮನನ್ನೋ ಎದುರಿಗೆ ಕೂರಿಸಿ, ಸೆರಗಿನಿಂದ ಕಣ್ಣು ಕಟ್ಟಿ, ಅಂಗೈಯಲ್ಲಿ ಒಂದು ಎಲೆ ಅಥವಾ ತೊಗಟೆಯ ಚೂರು ಇಡುವುದು. ಮುಟ್ಟಬೇಕು, ಮೂಸಬೇಕು, ಹೆಸರು ಹೇಳಬೇಕು. ಸರಿ ಹೇಳಿದರೆ ಬೆಲ್ಲದ ತುಂಡು, ತಪ್ಪಿದರೆ ಕಿವಿ ಹಿಂಡಿ ಇನ್ನೊಮ್ಮೆ. ಹೀಗೆ ಆಡಾಡುತ್ತಲೇ ಲೋಲಾಕ್ಷಿ ಗುಡ್ಡದ ಇಪ್ಪತ್ತು ಮೂವತ್ತು ಮರಗಳನ್ನು ಕಣ್ಣು ಮುಚ್ಚಿ ಹೇಳುವಷ್ಟಾಗಿದ್ದಳು.

ಸೊಸೆ ಸೀತುವಿಗೆ ಈ ವಿದ್ಯೆ ಅಷ್ಟಕ್ಕಷ್ಟೆ. ಅವಳು ಪುತ್ತೂರು ಪೇಟೆಯವಳು. ಅಪ್ಪನ ಚಾ ಹೋಟೆಲಿನ ಹಿಂದಿನ ಮನೆಯಲ್ಲಿ ಹುಟ್ಟಿ ಬೆಳೆದು ಐದನೇ ಕ್ಲಾಸು ಓದಿದವಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ತಮಾಷೆಗೆಂದು ಅವಳ ಕಣ್ಣನ್ನೂ ಕಟ್ಟಿದ್ದಳು. ಕೈಗೆ ಕೊಟ್ಟದ್ದು ಹಲಸಿನ ತೊಗಟೆ, ಸೀತು ಹೇಳಿದ್ದು ಮಾವು. ಚೆನ್ನಕ್ಕ ನಕ್ಕಳು, ಕೆಲಸಕ್ಕೆ ಬಂದವರೂ ನಕ್ಕರು. ನಕ್ಕವರು ಮರುದಿನವೇ ಮರೆತರು. ನಗೆಗೀಡಾದವರು ಮರೆಯುತ್ತಾರೆಯೇ? ಅಂದಿನಿಂದ ಸೀತು ಈ ಮನೆಯಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ಬಾಯಿಂದ ಹೊರಡಿಸಲಿಲ್ಲ. ಮಾಡಿದೆಯಾ ಎಂದರೆ ಮಾಡಿದೆ, ನೋಡಿದೆಯಾ ಎಂದರೆ ನೋಡಿದೆ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೇ ಆಗಿರುತ್ತಿತ್ತು.

ಆ ವರ್ಷ, ಐವತ್ತೆಂಟನೇ ಇಸವಿಯಲ್ಲಿ, ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ ಬಂದಾಗ ಗಂಡ ಸಂಕಪ್ಪ ಮನೆಯಲ್ಲಿರಲಿಲ್ಲ. ಗುಂಡ್ಯದಲ್ಲಿ ಮರದ ಲಾರಿಗಳ ಕೆಲಸಕ್ಕೆ ಹೋದವನು ಹೊಳೆ ತುಂಬಿ ಅಲ್ಲೇ ಸಿಕ್ಕಿಬಿದ್ದಿದ್ದ. ಅಮಾವಾಸ್ಯೆ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಅಂದು ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆ ತಂದು, ಅರೆದು, ರಸ ಹಿಂಡಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯಬೇಕು. ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಕುಡಿದ ಮೇಲೆ ಮೈ ತಂಪಾಗಲು ಮೆಂತೆ ಗಂಜಿ. ತೊಗಟೆ ತರುವವರು ದೀಪ ಹಿಡಿಯಬಾರದು, ಮಾತಾಡಬಾರದು, ಮರಕ್ಕೆ ಕತ್ತಿ ತಾಗಿಸಬಾರದು. ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು.

ಇದರಲ್ಲಿ ಹೆದರಿಕೆಯ ಸಂಗತಿ ಒಂದೇ. ಪಾಲೆ ಬೆಳೆಯುವ ಗುಡ್ಡದಲ್ಲೇ ಕಾಯೆರ್ ಮರವೂ ಬೆಳೆಯುತ್ತದೆ. ಅದರ ತೊಗಟೆಯೂ ಕಹಿ, ಕತ್ತಲಲ್ಲಿ ಬುಡವೂ ಹೆಚ್ಚುಕಡಿಮೆ ಒಂದೇ. ಆದರೆ ಅದರ ರಸ ಹೊಟ್ಟೆಗೆ ಹೋದರೆ ಅರ್ಧ ಗಂಟೆಯಲ್ಲಿ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಸೆಟೆದು ಪ್ರಾಣ ಹೋಗುತ್ತದೆ. ಮರ ತಪ್ಪಿ ಇಡೀ ಮನೆಯೇ ಮಲಗಿದ ಕತೆಗಳನ್ನು ಆ ಕಡೆಯ ಮಕ್ಕಳೂ ಕೇಳಿರುತ್ತಾರೆ. ಅದಕ್ಕೇ ಹಿಂದಿನ ದಿನ ಹಗಲಲ್ಲೇ ಹೋಗಿ ಪಾಲೆ ಮರಕ್ಕೆ ನೂಲು ಕಟ್ಟಿ ಬರುವುದು. ಕತ್ತಲಲ್ಲಿ ಬೆರಳಿಗೆ ನೂಲು ಸಿಕ್ಕಿದರೆ ಮುಗಿಯಿತು.

ಚೆನ್ನಕ್ಕನಿಗೆ ಮೊಣಕಾಲು ಊದಿ ಗುಡ್ಡ ಹತ್ತುವ ಹಾಗಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಅವಳು ಹೇಳಿದಳು: "ಸೀತು, ಒಮ್ಮೆ ಹೋಗಿ ಪಾಲೆಗೆ ನೂಲು ಕಟ್ಟಿ ಬಾ. ಲೋಲುವನ್ನು ಕರ್ಕೊಂಡು ಹೋಗು, ಅವಳಿಗೆ ಮರ ಗೊತ್ತುಂಟು."

"ಮರ ನನಗೂ ಗೊತ್ತುಂಟು ಅತ್ತೆ," ಎಂದಳು ಸೀತು. ಆರು ವರ್ಷದ ಮಗಳು ತನಗೆ ಮರ ತೋರಿಸಬೇಕೆಂಬ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು.

ಅವಳು ಹೊರಟಾಗ ಮಳೆ ಬಂತು. ಮಳೆ ಬಿಟ್ಟಾಗ ದೂಮ ಮಡಿಲಲ್ಲಿ ನಿದ್ದೆ ಹೋಗಿದ್ದ. ಅವನು ಎದ್ದಾಗ ದನದ ಹಟ್ಟಿಯ ಕೆಲಸ ಕಾದಿತ್ತು. ಮರವೇನು ಕಾಲು ಬಂದು ಓಡಿಹೋಗುತ್ತದೆಯೇ? ಗಂಡನ ಜೊತೆ ಎರಡು ಸಲ ಹೋಗಿ ನೋಡಿದ ಮರವೇ ಅದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಕೇಳಿದಳು.

"ಕಟ್ಟಿದಿಯಾ?"

"ಕಟ್ಟಿದೆ."

ಸುಳ್ಳು ಎಂದರೆ ಅಷ್ಟೇ ಸಲೀಸು. ಹೇಳುವಾಗ ಅದಕ್ಕೆ ತೂಕವೇ ಇರುವುದಿಲ್ಲ.

ಕೋಳಿ ಕೂಗುವ ಮೊದಲೇ ಎದ್ದು ಸೀತು ಗುಡ್ಡ ಹತ್ತಿದಳು. ತನ್ನ ಕೈ ತನಗೇ ಕಾಣದಂಥ ಕತ್ತಲೆ. ಸಣ್ಣ ಮಳೆ ಹನಿಯುತ್ತಿತ್ತು. ಹಗಲಲ್ಲಿ ಒಂದೇ ಮರವಿದ್ದ ಜಾಗದಲ್ಲಿ ಈಗ ಕೈ ಚಾಚಿದಲ್ಲೆಲ್ಲ ಒಂದೊಂದು ಬುಡ ಸಿಗುತ್ತಿತ್ತು. ಒಂದನ್ನು ಸವರಿದಳು, ತಣ್ಣಗೆ ಒದ್ದೆಯಾಗಿತ್ತು. ಹತ್ತು ಹೆಜ್ಜೆ ಸರಿದು ಇನ್ನೊಂದನ್ನು ಸವರಿದಳು. ಅದೂ ಹಾಗೆಯೇ. ಮೊದಲನೆಯದು ದಪ್ಪವೋ ಎರಡನೆಯದು ದಪ್ಪವೋ ತಿಳಿಯಲಿಲ್ಲ. ಹಿಂದಕ್ಕೆ ಬಂದಾಗ ಸಿಕ್ಕಿದ್ದು ಮೊದಲನೆಯ ಮರವೇ ಹೌದೋ ಅಲ್ಲವೋ ಅದೂ ತಿಳಿಯಲಿಲ್ಲ. ಮನೆಗೆ ಹೋಗಿ ಲೋಲುವನ್ನು ಎಬ್ಬಿಸಿ ತರೋಣವೆಂದರೆ, ನೂಲು ಎಲ್ಲಿ ಎಂದು ಅತ್ತೆ ಕೇಳುತ್ತಾಳೆ. ಸೀತು ಕಣ್ಣು ಮುಚ್ಚಿ ದೇವರನ್ನು ನೆನೆದು, ಎದುರಿಗಿದ್ದ ಬುಡಕ್ಕೆ ಕಲ್ಲಿನಿಂದ ಹೊಡೆದಳು.

ಅಡುಗೆಮನೆಯಲ್ಲಿ ಚೆನ್ನಕ್ಕ ಒಲೆ ಹೊತ್ತಿಸಿ, ಬಿಳಿ ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಲು ಇಟ್ಟಿದ್ದಳು. ಇನ್ನೊಂದು ಒಲೆಯ ಮೇಲೆ ಅಕ್ಕಿ, ಮೆಂತೆ ಬೇಯುತ್ತಿದ್ದವು. ಸೀತು ತೊಗಟೆ ತೊಳೆದು, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆಯಲು ಕೂತಳು. ಪಾಲೆಯೇ ಇರಬೇಕು, ಪಾಲೆಯೇ ಹೌದು ಎಂದು ಕಲ್ಲು ತಿರುಗಿದ ಹಾಗೆ ಅವಳ ಮನಸ್ಸೂ ತಿರುಗುತ್ತಿತ್ತು. ಲೋಲಾಕ್ಷಿ ಕಣ್ಣುಜ್ಜುತ್ತ ಎದ್ದು ಬಂದು, ಅರೆಯದೆ ಉಳಿದ ಒಂದು ತುಂಡನ್ನು ಅಭ್ಯಾಸಬಲದಿಂದ ಕೈಗೆ ತೆಗೆದುಕೊಂಡಳು. ಬೆರಳಲ್ಲಿ ತಿಕ್ಕಿದಳು, ಮೂಸಿದಳು.

"ಅಮ್ಮ, ಇದು ಪಾಲೆ ಅಲ್ಲ."

ಸೀತುವಿನ ಕೈ ನಿಂತಿತು.

"ಪಾಲೆಯಲ್ಲಿ ಹಾಲು ಉಂಟು. ಕೈಗೆ ಅಂಟ್ತದೆ. ಇದು ಅಂಟುದೇ ಇಲ್ಲ."

"ಮಳೆಗೆ ತೊಳೆದು ಹೋಗಿರ್ಬೇಕು. ನೀನು ಸುಮ್ಮನೆ ಕೂರು," ಎಂದಳು ಸೀತು. ತನ್ನ ದನಿ ಬೇರೆ ಯಾರದೋ ದನಿಯ ಹಾಗೆ ಕೇಳಿಸಿತು.

ಚೆನ್ನಕ್ಕ ಆ ತುಂಡನ್ನು ತೆಗೆದುಕೊಂಡು ಒಲೆಯ ಬೆಳಕಿಗೆ ಹಿಡಿದಳು. ಅವಳ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಮೂಸಿದಳು. ಬೆಳ್ಳುಳ್ಳಿ ಸುಲಿದ ಕೈಯಲ್ಲಿ ಬೆಳ್ಳುಳ್ಳಿಯದೇ ವಾಸನೆ.

"ನೂಲು ಕೈಗೆ ಸಿಕ್ಕಿತಲ್ಲ ಸೀತು?"

ಆಗ ಹೇಳಬಹುದಿತ್ತು. ಇನ್ನೂ ಯಾರೂ ಕುಡಿದಿರಲಿಲ್ಲ. ಹೇಳಿದರೆ ಹೆಚ್ಚೆಂದರೆ ಎರಡು ಬೈಗುಳ, ಒಂದು ವರ್ಷದ ಮದ್ದು ತಪ್ಪುತ್ತಿತ್ತು, ಅಷ್ಟೆ. ಇಷ್ಟನ್ನು ಸೀತು ಆಮೇಲೆ ಸಾವಿರ ಸಲ ಲೆಕ್ಕ ಹಾಕಿದಳು. ಆ ಹೊತ್ತಿನಲ್ಲಿ ಅವಳ ಬಾಯಿಯಿಂದ ಬಂದದ್ದು ಒಂದೇ ಮಾತು.

"ಸಿಕ್ಕಿತು."

"ಮತ್ತೆಂತ ಹೆದರಿಕೆ? ನೂಲು ಸುಳ್ಳು ಹೇಳ್ತದಾ?" ಚೆನ್ನಕ್ಕ ಮೊಮ್ಮಗಳ ತಲೆ ಸವರಿದಳು. "ನಿನ್ನ ಮೂಗು ಇನ್ನೂ ಸಣ್ಣದು ಮಗಾ."

ಕಾದ ಬೆಣಚುಕಲ್ಲನ್ನು ರಸಕ್ಕೆ ಹಾಕಿದಾಗ ಚುಂಯ್ ಎಂದು ಹೊಗೆ ಎದ್ದಿತು. ಮೊದಲು ಹಿರಿಯರು ಕುಡಿಯುವುದು ಪದ್ಧತಿ. ಚೆನ್ನಕ್ಕ ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿ, ಲೋಟ ಎತ್ತಿ, ಒಂದೇ ಉಸಿರಿಗೆ ಕುಡಿದಳು. ಮುಖ ಹಿಂಡಿ ಕಣ್ಣು ಮುಚ್ಚಿದಳು. ಸೀತು ನೋಡುತ್ತ ನಿಂತಿದ್ದಳು.

"ಬಾ ದೂಮ," ಎಂದು ಅಜ್ಜಿ ಕರೆದಳು. ಮಗು ಬಂದು ಎರಡೂ ಕೈಯಲ್ಲಿ ಪುಟ್ಟ ಲೋಟ ಹಿಡಿದು ತುಟಿಗೆ ತಂದಿತು.

ಸೀತು ಹಾರಿ ಹೋಗಿ ಲೋಟಕ್ಕೆ ಹೊಡೆದಳು. ಅದು ಗೋಡೆಗೆ ಬಡಿದು ರಸ ನೆಲಕ್ಕೆ ಚೆಲ್ಲಿತು. ದೂಮ ಕಿರುಚಿ ಅಳತೊಡಗಿದ.

"ನೂಲು ಕಟ್ಟಲಿಲ್ಲ ಅತ್ತೆ," ಎಂದು ಸೀತು ನೆಲಕ್ಕೆ ಕುಸಿದಳು. "ನಾನು ಹೋಗಲೇ ಇಲ್ಲ. ಯಾವ ಮರ ಅಂತ ನನಗೆ ಗೊತ್ತಿಲ್ಲ."

ಅಡುಗೆಮನೆಯಲ್ಲಿ ಗಂಜಿ ಕುದಿಯುವ ಸದ್ದು, ಮಗುವಿನ ಅಳು. ಚೆನ್ನಕ್ಕ ಸೊಸೆಯನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾನು ಕುಡಿಯುವಾಗ ನಿನ್ನ ಕೈ ಎಲ್ಲಿತ್ತು ಸೀತು?"

ಸೀತು ಉಪ್ಪಿನ ಮರಿಗೆಗೆ ಕೈ ಹಾಕಿ, ಒಂದು ಹಿಡಿ ಉಪ್ಪನ್ನು ಬಿಸಿನೀರಿಗೆ ಕಲಸಿ ಅತ್ತೆಯ ಬಾಯಿಗೆ ಹಿಡಿದಳು. ಚೆನ್ನಕ್ಕ ಕುಡಿದು, ಹಿತ್ತಿಲ ಬಾಗಿಲಲ್ಲಿ ಬಗ್ಗಿ ಗಂಟಲಿಗೆ ಬೆರಳು ಹಾಕಿ ಕಕ್ಕಿದಳು. ಎಷ್ಟು ಬಂತು, ಎಷ್ಟು ಒಳಗೆ ಉಳಿಯಿತು, ಬಲ್ಲವರು ಯಾರು? ಕಡಬದ ಡಾಕ್ಟರಲ್ಲಿಗೆ ಹೋಗಬೇಕಾದರೆ ಹೊಳೆ ದಾಟಬೇಕು, ದೋಣಿಯವನು ಮೂರು ದಿನದಿಂದ ದೋಣಿ ನೀರಿಗಿಳಿಸಿರಲಿಲ್ಲ.

ಚೆನ್ನಕ್ಕ ಕಂಬಕ್ಕೆ ಒರಗಿ ಕೂತಳು. ಸೀತು ಎದುರು ಕೂತು ಅವಳ ದವಡೆಯನ್ನೇ ನೋಡಿದಳು. ಅತ್ತೆ ಉಗುಳು ನುಂಗಿದರೆ, ದವಡೆ ಕಚ್ಚಿತೇ ಎಂದು ಬಗ್ಗಿ ನೋಡುತ್ತಿದ್ದಳು. ಅತ್ತೆ ಕಾಲು ಸರಿಸಿದರೆ, ಸೆಟೆಯಿತೇ ಎಂದು ಪ್ರಾಣ ಹಾರುತ್ತಿತ್ತು. ಒಮ್ಮೆ ಚೆನ್ನಕ್ಕನ ಬೆರಳುಗಳು ನಡುಗಿದವು. ಅದು ಚಳಿಗೋ, ಮುಪ್ಪಿಗೋ, ವಿಷಕ್ಕೋ?

"ನೋಡ್ತಾ ಕೂತ್ರೆ ಎಂತ ಗೊತ್ತಾಗ್ತದೆ?" ಎಂದಳು ಚೆನ್ನಕ್ಕ ಕೊನೆಗೆ. ಮಾತು ತೊದಲಲಿಲ್ಲ. "ಬೆಳಕಾಯ್ತು. ಹೋಗಿ ಮರ ನೋಡು. ಲೋಲುವನ್ನು ಕರ್ಕೊಂಡು ಹೋಗು."

ನಿನ್ನೆ ಹೇಳಿದ್ದೂ ಇದೇ ಮಾತು. ಈಗ ಸೀತು ಮಗಳ ಕೈ ಹಿಡಿದು ಓಡಿದಳು. ಮಗಳು ಮುಂದೆ, ತಾಯಿ ಹಿಂದೆ. ಜಾರಿ ಬಿದ್ದಳು, ಎದ್ದಳು, ಮತ್ತೆ ಓಡಿದಳು. ಬೂದು ಬೆಳಕಿನಲ್ಲಿ ಎರಡು ಮರಗಳು ಹತ್ತು ಹೆಜ್ಜೆ ಅಂತರದಲ್ಲಿ ನಿಂತಿದ್ದವು. ಜಜ್ಜಿದ ಗಾಯ ಯಾವುದರ ಮೇಲಿದೆಯೆಂದು ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಕಣ್ಣು ಮುಚ್ಚಿ ನಿಂತುಬಿಟ್ಟಳು. ಅತ್ತೆ ಸತ್ತರೆ ಊರಿಗೆ ಏನು ಹೇಳುವುದು? ಗಂಡನಿಗೆ ಏನು ಹೇಳುವುದು? ಇಂಥ ಹೊತ್ತಿನಲ್ಲೂ ತನಗೆ ಹೊಳೆಯುವುದು ಏನು ಹೇಳುವುದೆಂದೇ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಲೋಲಾಕ್ಷಿ ಗಾಯಕ್ಕೆ ಉಗುರು ಒತ್ತಿದಳು. ಬೆರಳಿಗೆ ಬೆರಳು ತಾಗಿಸಿ ಬಿಡಿಸಿ ನೋಡಿದಳು. ತಲೆಯೆತ್ತಿ ಎಲೆಗಳನ್ನು ನೋಡಿದಳು.

"ಹಾಲು ಉಂಟು ಅಮ್ಮ. ಅಂಟ್ತದೆ. ಪಾಲೆಯೇ. ಆ ತುಂಡಿನ ಹಾಲು ತೊಳೆದು ಹೋದದ್ದು."

ಸೀತು ಆ ಮರವನ್ನು ಅಪ್ಪಿ ಹಿಡಿದು ಅತ್ತಳು. ಹೆರಿಗೆಯ ನೋವಿನಲ್ಲೂ ಅವಳು ಅಷ್ಟು ದೊಡ್ಡದಾಗಿ ಅತ್ತಿರಲಿಲ್ಲ. ಲೋಲಾಕ್ಷಿ ಪಕ್ಕದಲ್ಲಿ ನಿಂತು, ಅಮ್ಮನನ್ನೂ ಅಂಟಿದ ಬೆರಳುಗಳನ್ನೂ ನೋಡುತ್ತಿದ್ದಳು.

ಮನೆಗೆ ಬಂದಾಗ ಚೆನ್ನಕ್ಕ ಕೂತಲ್ಲೇ ಕೂತಿದ್ದಳು, ದೂಮ ಅವಳ ತೊಡೆಯ ಮೇಲೆ ಮಲಗಿದ್ದ. ಪಾಲೆಯೇ ಎಂದು ಕೇಳಿ ಅವಳು ತಲೆಯಾಡಿಸಿದಳು. ದೇವರ ಹೆಸರನ್ನೂ ಹೇಳಲಿಲ್ಲ, ಸೊಸೆಯ ಹೆಸರನ್ನೂ ಹೇಳಲಿಲ್ಲ. ಉಳಿದ ರಸವನ್ನು ಮಕ್ಕಳಿಗೆ ಒಂದೊಂದು ಗುಟುಕು ಕುಡಿಸಿ, ತಾನೂ ಇನ್ನೊಂದು ಗುಟುಕು ಕುಡಿದಳು. ಸೀತು ತನ್ನ ಪಾಲನ್ನು ಗಟಗಟನೆ ಕುಡಿದಳು, ಕಹಿಯೇ ಗೊತ್ತಾಗಲಿಲ್ಲ. ಆಮೇಲೆ ಗಂಜಿಗೆ ಕಾಯಿಹಾಲು ಹಿಂಡಿ, ಒಂದು ಕುದಿ ಬರಿಸಿ, ನಾಲ್ಕು ಬಟ್ಟಲಿಗೆ ಬಡಿಸಿದಳು.

ಚೆನ್ನಕ್ಕ ಬಟ್ಟಲು ಎಳೆದುಕೊಂಡಳು. "ಉಪ್ಪು ಹಾಕಿದಿಯಾ?"

"ಹಾಕಿದೆ," ಎಂದಳು ಸೀತು. ಯೋಚಿಸುವ ಮೊದಲೇ ಮಾತು ಹೊರಗೆ ಬಿದ್ದಿತ್ತು.

ಚೆನ್ನಕ್ಕ ಬಟ್ಟಲಿಗೆ ಬಾಯಿ ಹಚ್ಚಲಿಲ್ಲ. ಮೊಮ್ಮಗಳ ಕಡೆ ತಿರುಗಿದಳು. "ಲೋಲು, ನೀನು ಕುಡಿದು ನೋಡಿ ಹೇಳು ಮಗಾ. ಉಪ್ಪು ಉಂಟಾ?"

ಸೀತುವಿನ ಮುಖ ಸುಟ್ಟ ಹಾಗಾಯಿತು. ಲೋಲಾಕ್ಷಿ ಎರಡೂ ಕೈಯಲ್ಲಿ ಬಟ್ಟಲೆತ್ತಿ ಒಂದು ಗುಟುಕು ಕುಡಿದಳು. ನಾಲಿಗೆ ಹೊರಳಿಸಿದಳು. ಅಮ್ಮನ ಕೆಂಪಾದ ಕಣ್ಣುಗಳನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಉಂಟು ಅಜ್ಜಿ."

"ಹಾಗಾದರೆ ಸರಿ," ಎಂದು ಚೆನ್ನಕ್ಕ ದೂಮನಿಗೆ ಕುಡಿಸಲು ಕೂತಳು.

ಸೀತು ತನ್ನ ಬಟ್ಟಲಿನಿಂದ ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು. ಗಂಜಿಯಲ್ಲಿ ಒಂದು ಕಲ್ಲು ಉಪ್ಪೂ ಇರಲಿಲ್ಲ. ಅದನ್ನು ನುಂಗಲಾರದೆ ಮಗಳ ಕಡೆ ನೋಡಿದಳು. ಲೋಲಾಕ್ಷಿ ತಲೆ ತಗ್ಗಿಸಿ, ಮುಖದಲ್ಲಿ ಏನನ್ನೂ ತೋರಗೊಡದೆ, ಗಂಜಿ ಕುಡಿಯುತ್ತಿದ್ದಳು.