ಒಳಗೆ ಯಾರೂ ಇಲ್ಲದ ಗದ್ದುಗೆ

ಮರಳುಗಾಡೆಂದರೆ ಬರೀ ಮರಳೆಂದುಕೊಂಡು ಬಂದಿದ್ದ ಪ್ರೇಮವ್ವನಿಗೆ ಜೈಸಲ್ಮೇರ ಕಂಡ ಕೂಡಲೇ ಸಿಟ್ಟೇ ಬಂತು. ಇಷ್ಟು ಚೆಂದದ ಊರನ್ನು ಇಂಥ ಹಾಳು ಬಿಸಿಲಿನಲ್ಲಿ ಯಾರಾದರೂ ಕಟ್ಟುತ್ತಾರೆಯೇ? ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯನ್ನು ತಮ್ಮನ ಕೈಗೊಪ್ಪಿಸಿ, ಹಾವೇರಿಯಲ್ಲಿ ರೈಲು ಹತ್ತಿಸಿಕೊಂಡು ಬಂದ ಗಂಡ ಅಂದಾನೆಪ್ಪನಿಗೆ ಮಾತ್ರ ಚೆಂದವೂ ಕಾಣುತ್ತಿರಲಿಲ್ಲ, ಬಿಸಿಲೂ ತಾಕುತ್ತಿರಲಿಲ್ಲ. ಹವೇಲಿಯ ಕೆತ್ತನೆ ನೋಡಿರೆಂದರೆ ಬಾಗಿಲಲ್ಲಿ ನಿಂತು ಬಂದುಹೋಗುವ ಮಂದಿಯನ್ನು ನೋಡುವ ಮನುಷ್ಯ ಅವನು. ಹಂಪಿಯಲ್ಲೂ ಹಾಗೇ, ಬಿಜಾಪುರದಲ್ಲೂ ಹಾಗೇ.

“ರೊಕ್ಕಾ ಕೊಟ್ಟು ಮಂದಿ ಮಾರಿ ನೋಡಾಕ ಬಂದೀರೇನ್ರಿ?” ಎಂದು ಅವಳು ಕಿಚಾಯಿಸಿದರೆ, “ಹೂಂ” ಅನ್ನುತ್ತಿದ್ದ, ಅಷ್ಟೇ.

ಕಿಚಾಯಿಸಿದರೂ ಅವಳೇನೂ ನಗುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ವರ್ಷದ ಹಿಂದೆ, ಪಂಚಮಿ ಹಬ್ಬ ಮುಂದಿರುವಾಗ, ಮನೆಯ ಹಾಸಿಗೆಯನ್ನೆಲ್ಲ ತೊಳೆದು ತರುತ್ತೇನೆಂದು ಐರಣಿಯ ಹೊಳೆಗೆ ಹೋದ ಮಗ ಕೊಟ್ರೇಶ, ತೇಲಿಹೋಗುತ್ತಿದ್ದ ಕೌದಿ ಹಿಡಿಯಲು ಹೋಗಿ ಕೌದಿಯ ಬೆನ್ನಿಗೇ ಹೋಗಿಬಿಟ್ಟ. ಹೆಣ ಸಿಗಲಿಲ್ಲ. ಅವರ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ಮಣ್ಣಿನೊಳಗೆ ಕೂರಿಸಿ, ಮೇಲೆ ಗದ್ದುಗೆ ಕಟ್ಟಿಸುತ್ತಾರೆ. ಹೊಲದಲ್ಲಿ ಮಗನಿಗೊಂದು ಗದ್ದುಗೆ ಕಟ್ಟಿಸಿರೆಂದು ಪ್ರೇಮವ್ವ ಗೋಗರೆದಾಗೆಲ್ಲ ಅಂದಾನೆಪ್ಪನದು ಒಂದೇ ಮಾತು: “ಒಳಗ ಕುಂದ್ರಸಾಕ ಮಗಾ ಬೇಕಲ್ಲ. ಯಾರನ್ನ ಕುಂದ್ರಸ್ತಿ?” ಹಾಗಾದರೆ ತಾನು ಅಳುವುದೆಲ್ಲಿ? ಹೂವಿಡುವುದೆಲ್ಲಿ? ಹೊಳೆಯ ನೀರು ನಿಂತಲ್ಲಿ ನಿಲ್ಲುತ್ತದೆಯೇ? ತನ್ನ ಹೊಟ್ಟೆಯ ಸಂಕಟ ಈ ಗಂಡಸಿಗೆ ತಿಳಿಯುವುದೇ ಇಲ್ಲವೆಂದು ಅವಳು ಬೆಂದುಹೋಗಿದ್ದಳು.

ಬಡಾ ಬಾಗ್ ಎಂಬಲ್ಲಿ ಜೀಪು ನಿಂತಿತು. ಹಳದಿ ಕಲ್ಲಿನ ಮಂಟಪಗಳ ಸಾಲು, ಒಂದೊಂದರೊಳಗೂ ಒಂದು ನಿಲುಗಲ್ಲು. ಹಳೆಯ ಅರಸರವು ಎಂದ ಗೈಡು. ಪ್ರೇಮವ್ವ ಚಪ್ಪಲಿ ಬಿಟ್ಟಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಚೀಲದಿಂದ ವಿಭೂತಿ ತೆಗೆದು ಕಲ್ಲಿಗೆ ಹಚ್ಚಿ ಅಡ್ಡಬಿದ್ದಳು. ಮತ್ತಾರದೋ ಮಕ್ಕಳಾದರೇನು, ಗದ್ದುಗೆ ಗದ್ದುಗೆಯೇ.

“ಮಾರಿ ಯಾವ ಕಡೆ ಮಾಡಿ ಕುಂದ್ರಸ್ಯಾರಂತ ಕೇಳ್ರಿ,” ಎಂದಳು.

ಅಂದಾನೆಪ್ಪ ತನ್ನ ವ್ಯಾಪಾರದ ಹಿಂದಿಯಲ್ಲಿ ಕೇಳಿದ. ಗೈಡಿಗೆ ನಗು ತಡೆಯಲಿಲ್ಲ. ಇಲ್ಲಿ ಯಾರೂ ಕೂತಿಲ್ಲ ತಾಯಿ, ಅವರನ್ನು ಸುಟ್ಟು ಬೂದಿಯನ್ನು ಗಂಗೆಗೆ ಬಿಟ್ಟರು, ಇವು ಬರೀ ನೆನಪಿನ ಕಲ್ಲು ಎಂದ. ಅಂದಾನೆಪ್ಪ ಅದನ್ನು ಕನ್ನಡದಲ್ಲಿ ಹೇಳಹೋಗಿ ಅರ್ಧಕ್ಕೇ ನಿಲ್ಲಿಸಿದ. ಆದರೆ ಅಷ್ಟು ಹಿಂದಿ ಪ್ರೇಮವ್ವನಿಗೂ ಬರುತ್ತಿತ್ತು.

“ಕೇಳಿದ್ರಿಲ್ಲೋ? ಒಳಗ ಯಾರೂ ಇಲ್ಲಂತ! ಅರಸರಿಗೆ ನಡದದ್ದು ನನ್ನ ಕೊಟ್ರೇಶಗ ನಡಿಯೂದಿಲ್ಲೇನು? ಇನ್ನೇನು ನೆವಾ ಹೇಳ್ತೀರಿ, ಹೇಳ್ರಿ!”

ಅವನು ಮಂಟಪದ ಮೆಟ್ಟಿಲ ಮೇಲೆ ಕುಸಿದು ಕೂತ.

“ಹೆಣಾ ಸಿಕ್ಕಿಲ್ಲಂದ ಮ್ಯಾಲ ಅವ ಸತ್ತಾನಂತ ಹೆಂಗ ಅಂತಿ?” ಎಂದ ಕೊನೆಗೆ. “ಹೊಳಿ ಎಲ್ಲೋ ದಂಡಿಗೆ ಒಗದಿರಬೇಕು. ತಲಿಗೆ ಪೆಟ್ಟು ಬಿದ್ದು ಊರು, ಹೆಸರು ಮರತಿರಬೇಕು. ನಾಕೂ ದೇಶದ ಮಂದಿ ಬರೋ ಜಾಗಾ ಇವೇ ಅಲ್ಲೇನು? ಒಂದಿಲ್ಲ ಒಂದಿನ ಎಲ್ಯಾರ ಕಂಡಾನು ಅಂತ ಅಡ್ಡಾಡಾಕತ್ತೇನಿ. ಗದ್ದಗಿ ಕಟ್ಟಿದ್ರ ಮುಗೀತಲ್ಲ ಪ್ರೇಮಾ. ನನ್ನ ಕೈಯಾರೆ ಅವನ್ನ ಹುಗದಂಗ ಆತಲ್ಲ.”

ಅಯ್ಯೋ ಶಿವನೇ! ತನ್ನ ಮನಸ್ಸು ಹಗುರಾಗಲೆಂದು ಊರೂರು ತೋರಿಸುತ್ತಾನೆಂದುಕೊಂಡಿದ್ದಳಲ್ಲ ಅವಳು! ಪ್ರೇಮವ್ವನ ಎದೆ ಒಡೆದುಹೋಯಿತು. ತಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ನಾಲಿಗೆ ಸಮೇತ ತೆಗೆದುಕೊಳ್ಳುತ್ತಿದ್ದಳು. ಅವನ ಪಕ್ಕದಲ್ಲಿ ಕೂತು ತೋಳು ಹಿಡಿದಳು.

“ಏಳ್ರಿ. ಅರಸರ ಕ್ವಾಟಿ ಒಂದು ನೋಡೂದು ಉಳದೈತಿ. ಅಲ್ಲೆ ಭಾಳ ಮಂದಿ ಬರ್ತಾರಂತ.”

ಅವನು ಅವಳ ಮುಖವನ್ನೇ ನೋಡಿದ. ಅವಳು ನಂಬಿ ಆಡಿದ ಮಾತಲ್ಲ ಅದು ಎಂಬುದು ಅವನಿಗೆ ಗೊತ್ತಾಯಿತು. ತಾನೂ ಎಂದೋ ನಂಬುವುದನ್ನು ಬಿಟ್ಟಿದ್ದೆನೆಂಬುದೂ ಆಗಲೇ ಗೊತ್ತಾಯಿತೋ ಏನೋ, ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಜೇಬಿನಿಂದ ಫೋನು ತೆಗೆದ.

“ಬ್ಯಾಡ, ಸಾಕು. ಗದ್ದಗಿ ಕಟ್ಟಾಕ ಗೌಂಡಿ ಯೂಸುಫಸಾಬಗ ಹೇಳ್ತೇನಿ, ಕಲ್ಲು ತರಸಲಿ.”

ನಾಲ್ಕು ವರ್ಷ ಇದೊಂದು ಮಾತಿಗಾಗಿ ಅವನ ಕಾಲು ಹಿಡಿದವಳು, ಈಗ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋ ಎಂದು ಅತ್ತಳು.

“ಇಷ್ಟ್ ಲಗೂ ಯಾಕ್ರಿ? ಇನ್ನೊಂದ್ ವರ್ಷ ತಡೀರಿ. ಒಂದಾ ಒಂದು ವರ್ಷ…”

ಅಂದಾನೆಪ್ಪ ಮೆಲ್ಲಗೆ ಅವಳ ಕೈ ಬಿಡಿಸಿ, ಗೌಂಡಿಗೆ ಫೋನು ಹಚ್ಚಿದ.