ಗೋಡೆಯಾಚೆಯ ಆರು ಮಕ್ಕಳು

ಶಿಕ್ಷಕಿ ನೆಕೊಯೆಯ ನಾಲ್ಕನೆಯ ತರಗತಿಯಲ್ಲಿ ತೊಂಬತ್ತೆರಡು ಮಕ್ಕಳು, ಗೋಡೆಯಾಚೆ ಇನ್ನೊಬ್ಬ ಶಿಕ್ಷಕಿ ನಸಿಮಿಯುವಿನ ನಾಲ್ಕನೆಯ ತರಗತಿಯಲ್ಲಿ ತೊಂಬತ್ತು. ಎರಡು ಕಡೆಯೂ ನಾಲ್ವರಿಗೊಂದು ಪುಸ್ತಕ. ಆದರೂ ಸರಾಸರಿ ಅಂಕದಲ್ಲಿ ಪ್ರತಿ ಸಲ ನಸಿಮಿಯುವಿನದೇ ಮೇಲುಗೈ. ಪೋಷಕರ ಸಭೆಯಲ್ಲಿ ಅವಳ ಹೆಸರು ಕೂಗಿದಾಗಲೆಲ್ಲ ನೆಕೊಯೆಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು.

ಈ ಸಲ ಪರೀಕ್ಷೆಯ ಹಿಂದಿನ ದಿನ ನೆಕೊಯೆ, ಕಿಸ್ವಾಹಿಲಿ ಭಾಷೆಯ ಒಂದು ಸಾಲೂ ಓದಲು ಬಾರದ ತನ್ನ ಆರು ಮಕ್ಕಳನ್ನು ಕರೆದು, "ನಾಳೆ ಮನೇಲೇ ಇರಿ," ಎಂದಳು. ಹಲವು ಶಿಕ್ಷಕರು ಹೀಗೆ ಮಾಡುತ್ತಿದ್ದರು. ಪರೀಕ್ಷೆಗೆ ಗೈರಾದ ಮಗು ಸರಾಸರಿಯ ಲೆಕ್ಕಕ್ಕೆ ಸೇರುವುದಿಲ್ಲ.

ಮರುದಿನ ಆ ಮಕ್ಕಳ ತಾಯಂದಿರು ಜೋಳದ ಹೊಲಕ್ಕೆ ಹೋಗಬೇಕಿತ್ತು, ಮಕ್ಕಳನ್ನು ಶಾಲೆಗೇ ಅಟ್ಟಿದರು. ನೆಕೊಯೆ ಆರೂ ಮಕ್ಕಳನ್ನು ತರಗತಿಯ ಬಾಗಿಲಲ್ಲೇ ತಡೆದಳು.

ನಸಿಮಿಯು ಹೊರಗೆ ಬಂದಳು. "ಏನ್ರೋ, ಹೊಸ್ತಿಲ ಮೇಲೆ ಪರೀಕ್ಷೆ ಬರೀತೀರಾ? ಬನ್ನಿ, ನನ್ನ ಕ್ಲಾಸಲ್ಲಿ ಕೂತ್ಕೊಳ್ಳಿ."

"ನಿನ್ನ ಸರಾಸರಿ ಬಿದ್ದೋಗುತ್ತೆ ಕಣೇ!" ಎಂದಳು ನೆಕೊಯೆ.

"ಬೀಳ್ಲಿ ಬಿಡೇ. ಅದೇನು ಮಡಕೇನಾ, ಒಡೆದು ಹೋಗೋಕೆ?"

ಆರು ಉತ್ತರಪತ್ರಿಕೆಗಳೂ ನಸಿಮಿಯುವಿನ ಕಟ್ಟಿಗೇ ಸೇರಿದವು. ಅರ್ಧ ಅಂಕದಿಂದ ನೆಕೊಯೆ ಗೆದ್ದಳು. ಪೋಷಕರು ಅವಳಿಗೆ ಬಹುಮಾನವಾಗಿ ಒಂದು ಥರ್ಮಾಸ್ ಕೊಟ್ಟರು.

ಸೋಮವಾರ ಆ ಆರು ಮಕ್ಕಳು ಅವಳ ತರಗತಿಯಲ್ಲಿ ಕಾಣಲಿಲ್ಲ. ನೆಕೊಯೆ ಗೋಡೆಯಾಚೆ ಇಣುಕಿದಳು. ಅವರು ಅಲ್ಲಿ ನೆಲದ ಮೇಲೆ ಕೂತು, ನಸಿಮಿಯು ತೋರಿಸಿದ ಪದಗಳನ್ನು ಗಂಟಲು ಹರಿಯುವಂತೆ ಓದುತ್ತಿದ್ದರು.

"ಬನ್ರೋ, ನಮ್ಮ ಕ್ಲಾಸಿಗೆ ಹೋಗೋಣ," ಎಂದಳು ನೆಕೊಯೆ.

"ಇಲ್ಲೇ ಇರ್ತೀವಿ ಟೀಚರ್," ಎಂದಳು ಅವರಲ್ಲೊಬ್ಬ ಹುಡುಗಿ, ಪುಸ್ತಕದಿಂದ ಕಣ್ಣು ತೆಗೆಯದೆ.

ನೆಕೊಯೆಗೆ ಎಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು.