ಕಿವಿ ಮಾಡುವ ದಿನ

ಬೋಗುಣಿಯ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡುತ್ತಿದ್ದ ಮಗಳು, ಹಿಂದೆ ಹೆಜ್ಜೆ ಸದ್ದಾದದ್ದೇ ತಟ್ಟನೆ ಮುಚ್ಚಿದಳು. ಬೆಳಗಿನಿಂದ ಇದೇ ಆಯಿತು. ಹಜಾರಕ್ಕೆ ಹೋಗುವುದು, ಬಂದವರ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಅಡುಗೆಮನೆಗೆ ಓಡಿಬಂದು ಬಟ್ಟೆ ಎತ್ತುವುದು. ಬೋಗುಣಿಯಲ್ಲಿ ನಾದಿದ ಹಿಟ್ಟಿತ್ತು. ಅದರ ಮೇಲೆ ಅಮ್ಮನ ಬೆರಳುಗಳು ಒತ್ತಿದ ಗುರುತು ಹಾಗೆಯೇ ಉಳಿದಿತ್ತು. ಅಮ್ಮ ಮಾತ್ರ ಹಜಾರದಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದಳು.

“ಮತ್ತೆ ಇಲ್ಲಿಗೇ ಬಂದ್ಯಾ?” ಎಂದಳು ಚಿಕ್ಕಮ್ಮ. ಅಮ್ಮನ ತಂಗಿ ಈಕೆ. ಸಾವಿನ ಮನೆಯ ಯಜಮಾನಿಕೆಯನ್ನು ಯಾರೂ ಕೊಡದೆಯೇ ವಹಿಸಿಕೊಂಡವಳು. “ಬಂದೋರೆಲ್ಲ ಮಗಳೆಲ್ಲಿ ಮಗಳೆಲ್ಲಿ ಅಂತಿದಾರೆ. ಒಂದು ಕಡೆ ಕೂತ್ಕೋಬಾರದಾ?”

“ಕೂರೋಕಾಗ್ತಿಲ್ಲ ಚಿಕ್ಕಮ್ಮ.”

“ನಿಮ್ಮಮ್ಮಂದೇ ಕಾಲು ನಿಂಗೂ. ಚಕ್ರ ಕಟ್ಕೊಂಡೇ ಹುಟ್ಟಿದೀರಿ ಇಬ್ರೂ.” ಚಿಕ್ಕಮ್ಮನ ಕಣ್ಣು ಬೋಗುಣಿಯ ಮೇಲೆ ಬಿತ್ತು. “ಇದನ್ನ ಇನ್ನೂ ಇಟ್ಕೊಂಡಿದೀಯಾ? ಹೊರಗೆ ಹಾಕು.”

“ಅಮ್ಮ ಕಲಸಿದ ಹಿಟ್ಟು ಇದು.”

“ಯಾರೇ ಕಲಸಿದ್ರೂ ಹಿಟ್ಟು ಹಿಟ್ಟೇ ಕಣೆ, ಸಂಜೆ ಹೊತ್ತಿಗೆ ಹುಳಿ ಬರುತ್ತೆ. ಮನೇಲಿ ಇಂಥಾದ್ದು ಆಗಿರುವಾಗ ತಿಂಡಿ ಕರೀತಾ ಕೂರ್ತೀಯಾ? ನೋಡಿದೋರು ಏನಂದ್ಕೋತಾರೆ?”

ಸಂಜೆ ಹೊತ್ತಿಗೆ ಹುಳಿ ಬರುತ್ತದೆ ಎಂಬುದು ಮಗಳಿಗೂ ಗೊತ್ತಿತ್ತು. ಅದಕ್ಕೇ ಅವಳ ಕಾಲು ನಿಲ್ಲುತ್ತಿರಲಿಲ್ಲ. ನಿನ್ನೆ, ಹಬ್ಬದ ರಜೆ ಶುರುವಾಗುವ ಮುನ್ನಾದಿನ, ಅಮ್ಮ ಪ್ರತಿ ವರ್ಷದಂತೆ ಹಿಟ್ಟು ನಾದಿಟ್ಟು, ಎಣ್ಣೆ ಸಾಲದೆಂದು ಮೂಲೆಯಂಗಡಿಗೆ ಹೋಗಿದ್ದಳು. “ಒಂದ್ನಿಮಿಷ ಕೂರ್ತೀನಪ್ಪ” ಎಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳಂತೆ, ಅಷ್ಟೇ. ಅಂಗಡಿಯವನು ಎಣ್ಣೆಯ ಬಾಟಲಿಯನ್ನೂ ಜೊತೆಗೇ ತಂದು ಒಲೆಯ ಪಕ್ಕ ಇಟ್ಟು ಹೋಗಿದ್ದ.

“ಅಮ್ಮ ಕೂತ್ಕೊಂಡ್ಳು ಅಂದಾಗ್ಲೇ ನಂಗೆ ಭಯ ಆಯ್ತು,” ಎಂದಿದ್ದ ತಮ್ಮ. ಟೈರು ರಿಪೇರಿಯ ಅಂಗಡಿ ಇಟ್ಟುಕೊಂಡು, ಅಜ್ಜಿಯೂ ಅಪ್ಪನೂ ತೀರಿಕೊಂಡ ಮೇಲೂ ಅಮ್ಮನ ಜೊತೆಗೇ ಇದ್ದವನು ಅವನು. ಹೇಳಿ ನಗಲು ಹೋಗಿ, ನಗಲಾಗದೆ, ಬೀದಿಗೆ ಹೋಗಿ ನಿಂತಿದ್ದ.

ಮಗಳ ಸಂಕಟ ಬೇರೆಯೇ ಇತ್ತು. ಈ ಹಿಟ್ಟಿನ ಮುಂದಿನ ಹಂತ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಅದನ್ನು ಯಾರಿಗೂ ತೋರಿಸಿರಲಿಲ್ಲ, ಹೆತ್ತ ಮಗಳಿಗೂ.

*

ಆ ತಿಂಡಿಗೆ ಹೊರಗೆ ಯಾವ ಹೆಸರಿತ್ತೋ ಏನೋ, ಮನೆಯಲ್ಲಿ ಅದು ‘ಕಿವಿ’. ಮೈದಾ, ಬೆಣ್ಣೆ, ಸಕ್ಕರೆ, ಚಿಟಿಕೆ ಉಪ್ಪು, ಒಂದು ಹಿಡಿ ಎಳ್ಳು. ಲಟ್ಟಿಸಿ, ದುಂಡಗೆ ಕತ್ತರಿಸಿ, ಒಂದು ಅಂಚನ್ನು ಮಡಿಚಿ ಒತ್ತಿದರೆ ಕಿವಿಯ ಹಾಗೆಯೇ ಕಾಣುತ್ತಿತ್ತು. ದೊಡ್ಡವು ಅಪ್ಪನ ಕಿವಿ, ಸುಟ್ಟವು ಅಜ್ಜಿಯ ಕಿವಿ. ಬಾಯಲ್ಲಿಟ್ಟರೆ ಮೊದಲು ಗರಿಗರಿ, ಆಮೇಲೆ ಬೆಣ್ಣೆ. ರಜೆ ಮುಗಿದರೂ ಡಬ್ಬಿಯ ತಳದ ಪುಡಿಗಾಗಿ ಅಕ್ಕ ತಮ್ಮನ ಜಗಳ ಮುಗಿಯುತ್ತಿರಲಿಲ್ಲ.

ಹಿಟ್ಟು ನಾದುವಾಗ ಯಾರು ಬೇಕಾದರೂ ನೋಡಬಹುದಿತ್ತು. ಎಳ್ಳು ಹಾಕಲು ಮಕ್ಕಳಿಗೇ ಬಿಡುತ್ತಿದ್ದಳು. ನಾದಿ ಮುಗಿದ ಮೇಲೆ ಮಾತ್ರ ಕೈ ಒರೆಸಿಕೊಂಡು, “ಇನ್ನು ಎಲ್ಲಾ ಹೊರಗೆ. ಇಲ್ಲಿಂದ ಮುಂದೆ ನನ್ನ ಕೆಲಸ,” ಎನ್ನುತ್ತಿದ್ದಳು. ಅಡುಗೆಮನೆಯ ಬಾಗಿಲು ಹಾಕುತ್ತಿದ್ದುದು ವರ್ಷದಲ್ಲಿ ಆ ಒಂದು ದಿನವೇ. ಉಳಿದ ದಿನವೆಲ್ಲ ಅದು ಗೋಡೆಗೆ ಒತ್ತಿಕೊಂಡು ತೆರೆದೇ ಇರಬೇಕು. ಹಜಾರದ ಮಂಚದಲ್ಲಿ ಕಾಲು ಬಿದ್ದುಹೋಗಿ ಮಲಗಿದ್ದ ಅಜ್ಜಿ ಯಾವಾಗ ಕೂಗುತ್ತಾಳೋ ಹೇಳಲಾಗುತ್ತಿರಲಿಲ್ಲ. ಅಪ್ಪ ಲಾರಿಯ ಮೇಲಿನಿಂದ ಇಳಿದು ಮನೆಗೆ ಬರುತ್ತಿದ್ದುದೇ ರಜೆಗೆ. ಆ ದಿನ ಅಜ್ಜಿಯ ಉಸ್ತುವಾರಿ ಅವನದು.

ಮಕ್ಕಳು ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಒಳಗಿನಿಂದ ಒಂದು ಸದ್ದಿಲ್ಲ. ಪಾತ್ರೆಯದಿಲ್ಲ, ಬಳೆಯದಿಲ್ಲ, ಲಟ್ಟಣಿಗೆಯದಿಲ್ಲ.

“ಏನೋ ಪುಡಿ ಹಾಕ್ತಾಳೆ. ಪುಡಿಗೆ ಸದ್ದಿರಲ್ಲ,” ಎನ್ನುತ್ತಿದ್ದ ತಮ್ಮ.

“ಹಿಟ್ಟಿಗೆ ಜೋಗುಳ ಹಾಡಿ ಮಲಗಿಸ್ತಾಳೆ ಕಣ್ರೋ, ಎಬ್ಬಿಸಬೇಡಿ,” ಎನ್ನುತ್ತಿದ್ದ ಅಪ್ಪ.

“ಮಾಟ ಮಾಡ್ತಿರ್ತಾಳೆ, ನನ್ನ ಮಗನಿಗೆ ಮಾಡಿದ್ಲಲ್ಲ, ಹಾಗೆ,” ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು. ಹಾಗೆನ್ನುತ್ತಲೇ ಸಂಜೆ ಎಲ್ಲರಿಗಿಂತ ಹೆಚ್ಚು ತಿನ್ನುವವಳೂ ಅವಳೇ.

ಮಕ್ಕಳು ಉಸಿರು ಬಿಗಿಹಿಡಿದು, ಒಬ್ಬರನ್ನೊಬ್ಬರು ಚಿವುಟಿಕೊಂಡು ಎಷ್ಟು ಸದ್ದಿಲ್ಲದೆ ನಿಂತರೂ ಒಳಗಿನಿಂದ ಅಮ್ಮನ ದನಿ ಬಂದೇ ಬರುತ್ತಿತ್ತು: “ಕಾಲು ಕಾಣ್ತಿವೆ.” ಇಬ್ಬರೂ ಬಿದ್ದಂಬೀಳ ಓಡುತ್ತಿದ್ದರು. ಅಮ್ಮನಿಗೆ ಬಾಗಿಲಿನಾಚೆಯದೂ ಕಾಣುತ್ತದೆ ಎಂದು ಮಗಳು ಬಹಳ ದೊಡ್ಡವಳಾಗುವವರೆಗೂ ನಂಬಿದ್ದಳು.

*

ಮಧ್ಯಾಹ್ನಕ್ಕೆ ಮೊದಲು ಲಾಂಡ್ರಿಯವರು ಬಂದರು. ಅಮ್ಮ ದುಡಿದ ಜಾಗ ಅದು. ಹೋಟೆಲುಗಳ ಹಾಸಿಗೆ ಬಟ್ಟೆಗಳಿಗೆಲ್ಲ ಅಲ್ಲಿಯೇ ಇಸ್ತ್ರಿ. ಅಮ್ಮನ ಎದುರಿಗೆ ನಿಂತು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ದುಡಿದ ಹೆಂಗಸು ಹೊದಿಕೆಯ ಅಂಚು ಸುಕ್ಕಾದದ್ದನ್ನು ಕಂಡು, ಅಳುತ್ತಲೇ ಬಗ್ಗಿ, ಅಂಗೈಯಲ್ಲಿ ತೀಡಿ ಸರಿಮಾಡಿದಳು.

“ನೀವಾದ್ರೂ ಕೂತ್ಕೊಳಿ,” ಎಂದು ಮಗಳು ಕುರ್ಚಿ ಎಳೆದಳು.

“ಬೇಡಮ್ಮ, ಕೂತ್ರೆ ಮಂಡಿ ಹಿಡ್ಕೊಳುತ್ತೆ, ಏಳೋಕಾಗಲ್ಲ. ನಮ್ಮಲ್ಲಿ ಕುರ್ಚಿನೇ ಇಲ್ವಲ್ಲ. ಕುರ್ಚಿ ಇದ್ರೆ ಕೂರ್ತಾರೆ ಅಂತ ಯಜಮಾನ್ರು ಇಡಿಸಿಲ್ಲ.” ಅವಳು ಮೂಗೊರೆಸಿಕೊಂಡಳು. “ನಿಮ್ಮಮ್ಮಂಗೆ ರಜೆ ಅಂದ್ರೆ ಪ್ರಾಣ. ಒಂದು ತಿಂಗಳು ಮುಂಚಿನಿಂದ್ಲೇ ಶುರು. ಕಿವಿ ಮಾಡೋ ದಿನ ಬರ್ಲಿ, ಕಿವಿ ಮಾಡೋ ದಿನ ಬರ್ಲಿ ಅಂತ ಜಪ. ಅಷ್ಟು ಕೆಲಸ ಮೈಮೇಲೆ ಎಳ್ಕೊಂಡು ಅದೇನು ಖುಷಿನೇ ಮಾರಾಯ್ತಿ ಅಂದ್ರೆ ನಗ್ತಿದ್ಲು, ಬಾಯಿ ಬಿಡ್ತಿರ್ಲಿಲ್ಲ.”

“ನಿಮಗೇನಾದ್ರೂ ಹೇಳಿದ್ಲಾ? ಅದಕ್ಕೆ ಕೊನೇಲಿ ಏನ್ ಹಾಕ್ತಿದ್ಲು ಅಂತ?”

“ನಂಗಾ? ಮಗಳು ನಿಂಗೇ ಹೇಳಿಲ್ವಾ?”

ಆ ಹೆಂಗಸು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಆದರೂ ಅದು ಹೋಗಿ ನಾಟುವಲ್ಲೇ ನಾಟಿತು. ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಬಂದ ಸದ್ದಾಯಿತು. ತಮ್ಮ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಅಮ್ಮನ ತಲೆಯ ಕಡೆ ಹೋಗಿ ನಿಂತ.

*

ಕೆಲವು ವರ್ಷಗಳ ಹಿಂದೆ ಒಮ್ಮೆ ಮಗಳು ಪಾರ್ಸೆಲ್ ಕಚೇರಿಯ ಕೆಲಸಕ್ಕೆ ರಜೆ ಹಾಕಿ, ಇವತ್ತು ಕಲಿತೇ ತೀರುವುದೆಂದು ಹಟ ತೊಟ್ಟು ಬಂದಿದ್ದಳು. ತಾನೂ ತನ್ನ ಮನೆಯಲ್ಲಿ ಮಾಡಿ ನೋಡಿದ್ದಳು. ಕೆಲಸ ಮುಗಿಸಿ ಬಂದವಳೇ ಕಲಸಿ, ಲಟ್ಟಿಸಿ, ಕರಿದರೆ ಪ್ರತಿ ಸಲವೂ ಕಿವಿಗಳು ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಅಳತೆ ಅದೇ, ಬೆಣ್ಣೆ ಅದೇ. ಹಾಗಾದರೆ ಏನೋ ಒಂದು ಇದೆ, ಅಮ್ಮ ಬಚ್ಚಿಡುತ್ತಿದ್ದಾಳೆ.

ನಾದುವುದು ಮುಗಿಯಿತು. “ಇನ್ನು ಹೊರಗೆ,” ಎಂದಳು ಅಮ್ಮ.

“ನಾನೂನಾ?”

“ನೀನೂನೂ.”

“ನಾನೇನು ಕದ್ದುಕೊಂಡು ಹೋಗಿ ಅಂಗಡಿ ಇಡ್ತೀನಾ? ಒಬ್ಬಳೇ ಮಗಳು ನಾನು. ನನ್ನ ಮೇಲೂ ನಂಬಿಕೆ ಇಲ್ವಾ ನಿಂಗೆ?”

ಅಮ್ಮ ಹಿಟ್ಟು ಮೆತ್ತಿದ ಕೈಯನ್ನೇ ನೋಡಿಕೊಂಡಳು. ಕಳ್ಳತನ ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಸಣ್ಣದಾಯಿತು. “ಹೇಳಿಕೊಡೋ ಅಂಥದ್ದೇನಿಲ್ಲ ಕಣೆ,” ಎಂದಳು. “ಹೇಳಿದ್ರೆ ನೀನು ನಗ್ತೀಯಾ.”

ಮಗಳು ಆ ವರ್ಷ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದಳು. ಆಮೇಲಿನ ವರ್ಷಗಳಲ್ಲಿ ತೆಗೆದುಕೊಂಡಳು, ತಿಂದಳು. ಕೇಳಲು ಮಾತ್ರ ಹೋಗಲಿಲ್ಲ.

*

ಅಮ್ಮನನ್ನು ಕಳಿಸಿ ಬಂದ ಮೇಲೆ ಮನೆ ಬಣಗುಡುತ್ತಿತ್ತು. ಮಗಳು ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ನುಗ್ಗಿದಳು. ಸ್ಟೂಲು ಎಳೆದು ಹತ್ತಿ ಮೇಲಿನ ಸಾಲಿನ ಡಬ್ಬಿಗಳನ್ನೆಲ್ಲ ಇಳಿಸಿದಳು. ಒಂದೊಂದನ್ನೂ ತೆರೆದು ಮೂಸಿದಳು, ನಾಲಿಗೆಯ ತುದಿಗಿಟ್ಟಳು. ಅಕ್ಕಿ, ಬೇಳೆ, ಎಳ್ಳು, ಸಕ್ಕರೆ. ಎಲ್ಲ ಮನೆಗಳಲ್ಲೂ ಇರುವುದೇ ಇಲ್ಲೂ ಇತ್ತು. ಬಚ್ಚಿಟ್ಟ ಪುಡಿಯಿಲ್ಲ, ಸೀಸೆಯಿಲ್ಲ, ಪೊಟ್ಟಣವಿಲ್ಲ.

“ಅಕ್ಕಾ, ನಿಜವಾಗ್ಲೂ ಕರೀತೀಯಾ?” ತಮ್ಮ ಬಾಗಿಲಲ್ಲಿ ನಿಂತಿದ್ದ. ಅಷ್ಟು ದೊಡ್ಡ ಆಳು, ಕೇಳಿದ ದನಿ ಮಾತ್ರ ಹಳೆಯದು.

“ಮತ್ತೇನು ಎಸೀಲಾ?”

“ಎಸೀಬೇಡ.”

ಹಿಟ್ಟಿನ ಮೇಲೆ ತೆಳ್ಳಗೆ ಪೊರೆ ಕಟ್ಟಿತ್ತು. ಮತ್ತೊಮ್ಮೆ ನಾದದೆ ಲಟ್ಟಿಸಲು ಬಾರದು. ನಾದಿದರೆ ಗುರುತು ಅಳಿಸುತ್ತದೆ. ಮಗಳು ತನ್ನ ಬೆರಳುಗಳನ್ನು ಅಮ್ಮನ ಬೆರಳಿನ ಕುಳಿಗಳಲ್ಲಿ ಇಟ್ಟು ನೋಡಿದಳು, ಕುಳಿಗಳು ಅಗಲವಾಗಿದ್ದವು. “ಕ್ಷಮಿಸಮ್ಮ,” ಎಂದು ಗಟ್ಟಿಯಾಗಿಯೇ ಹೇಳಿ, ಎರಡೂ ಕೈ ಹಾಕಿ ನಾದಿದಳು. ಸಿಟ್ಟಿನಿಂದ ನಾದಿದಳು, ಅಳುತ್ತ ನಾದಿದಳು, ಬೆವರುವವರೆಗೆ ನಾದಿದಳು.

ಲಟ್ಟಿಸಲು ಹೋದರೆ ಹಿಟ್ಟು ಮಾತು ಕೇಳಲಿಲ್ಲ. ಅಗಲ ಮಾಡಿದಷ್ಟೂ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಂಡು ಚಿಕ್ಕದಾಗುತ್ತಿತ್ತು. ಅವಳು ಒತ್ತಿದಳು, ಅದು ಸೆಟೆಯಿತು. ತನ್ನ ಮನೆಯಲ್ಲೂ ಪ್ರತಿ ಸಲ ಆಗುತ್ತಿದ್ದುದು ಇದೇ.

ಸದ್ದಿಗೆ ಚಿಕ್ಕಮ್ಮ ಬಂದಳು. ಬಯ್ಯಲೆಂದೇ ಬಂದವಳು, ಹಿಟ್ಟು ಹಿಡಿದ ಮಗಳ ಮುಖ ನೋಡಿ ದನಿ ತಗ್ಗಿಸಿದಳು. “ಮಾಡು, ಏನಾದ್ರೂ ಮಾಡ್ಕೋ. ಬಾಗಿಲಾದ್ರೂ ಹಾಕ್ಕೊಳೇ. ಪಕ್ಕದ ಮನೆಯವರಿಗೆಲ್ಲ ಎಣ್ಣೆ ವಾಸನೆ ಹೊಡೆಯೋದು ಬೇಡ.”

“ಹಾಕ್ಕೋತೀನಿ. ಇಬ್ರೂ ಹೊರಗೆ ನಡೀರಿ.”

ಅವಳು ಗೋಡೆಗೆ ಒತ್ತಿಕೊಂಡಿದ್ದ ಬಾಗಿಲನ್ನು ಎಳೆದು ಮುಚ್ಚಿ ಚಿಲಕ ಹಾಕಿದಳು. ತಿರುಗಿದಳು. ಬಾಗಿಲು ಇಷ್ಟು ಹೊತ್ತು ಮರೆಮಾಡಿದ್ದ ಗೋಡೆ ಎದುರಿಗಿತ್ತು.

ಸುಣ್ಣದ ಮೇಲೆ, ಸೊಂಟಕ್ಕಿಂತ ತುಸು ಮೇಲೆ, ಅಂಗೈಯಗಲದ ಒಂದು ಕಪ್ಪು ಕಲೆ. ಅವಳು ಬಗ್ಗಿ ಮೂಸಿದಳು. ತಲೆಗೆ ಹಚ್ಚುವ ಎಣ್ಣೆ. ಅಮ್ಮನ ಎಣ್ಣೆ. ನೆಲದಲ್ಲಿ, ಆ ಕಲೆಯ ನೇರಕ್ಕೆ, ಸ್ಟೂಲಿನ ಕಾಲುಗಳು ಪ್ರತಿ ಸಲ ಅಲ್ಲೇ ಊರಿ ಮಾಡಿದ ಸಣ್ಣ ತಗ್ಗುಗಳು. ವರ್ಷಕ್ಕೊಮ್ಮೆಯಂತೆ, ಅವಳ ಬದುಕಿನಷ್ಟೂ ವರ್ಷಗಳು ಆ ಗೋಡೆಯ ಮೇಲಿದ್ದವು. ಈ ಮನೆಯಲ್ಲೇ ಹುಟ್ಟಿ ಬೆಳೆದವಳಾದರೂ ಅವಳು ಅದನ್ನು ನೋಡಿರಲಿಲ್ಲ. ಒಳಗಿದ್ದು ಈ ಬಾಗಿಲನ್ನು ಮುಚ್ಚಿದವಳು ಅಮ್ಮನೊಬ್ಬಳೇ.

ಮಗಳು ಹಿಟ್ಟನ್ನು ಮುದ್ದೆ ಮಾಡಿ ಬೋಗುಣಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದಳು. ಸ್ಟೂಲನ್ನು ತಂದು ತಗ್ಗುಗಳಲ್ಲಿ ಕೂರಿಸಿದಳು. ಅದು ಒಂದಿಷ್ಟೂ ಅಲುಗಾಡದೆ ಕೂತಿತು. ಅವಳೂ ಕೂತಳು. ಕಾಲುಗಳು ಸುಮ್ಮನಿರಲು ಒಪ್ಪದೆ ಇನ್ನೂ ಸ್ವಲ್ಪ ಹೊತ್ತು ಕುಣಿದವು. ಆಮೇಲೆ ಅವೂ ನಿಂತವು. ತಲೆ ಹಿಂದಕ್ಕೆ ಒರಗಿತು, ಸರಿಯಾಗಿ ಕಲೆಯ ಮೇಲೆ.

ಒಳಗೆ ಒಂದು ಸದ್ದಿರಲಿಲ್ಲ. ಹಿಟ್ಟು ಬಟ್ಟೆಯ ಕೆಳಗೆ ಮೆತ್ತಗಾಗುತ್ತಿತ್ತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳು ಕೈ ಎತ್ತಲಿಲ್ಲ.

“ಸದ್ದೇ ಇಲ್ವಲ್ಲೋ,” ಹೊರಗೆ ಚಿಕ್ಕಮ್ಮನ ಪಿಸುದನಿ.

“ಶ್, ಸುಮ್ನಿರಿ,” ತಮ್ಮನದು.

ಮಗಳು ಕುಳಿತಲ್ಲಿಂದಲೇ ದನಿ ಬಂದ ಕಡೆ ನೋಡಿದಳು. ಬಾಗಿಲಿನ ಕೆಳಗಿನ ಸಂದಿಯಲ್ಲಿ ಹಜಾರದ ಬೆಳಕಿತ್ತು. ಆ ಬೆಳಕಿನಲ್ಲಿ ಗ್ರೀಸು ಮೆತ್ತಿದ ಉಗುರಿನ ಎರಡು ದೊಡ್ಡ ಪಾದಗಳು, ಅವುಗಳ ಪಕ್ಕ ಊದಿಕೊಂಡ ಎರಡು ಪಾದಗಳು, ಬಾಗಿಲಿಗೆ ಅಂಟಿಕೊಂಡು ನಿಂತಿದ್ದವು.

“ಕಾಲು ಕಾಣ್ತಿವೆ,” ಎಂದಳು.

ಹೊರಗೆ ಯಾರೋ ಬಿಕ್ಕಿದರು. ಸಂದಿಯಿಂದ ಪಾದಗಳು ದಡಬಡಿಸಿ ಹಿಂದೆ ಸರಿದವು. ಸ್ವಲ್ಪ ಹೊತ್ತಿನ ಮೇಲೆ, ಸದ್ದಿಲ್ಲದೆ, ಮತ್ತೆ ಬಂದು ನಿಂತವು.